ರೇಸಿಂಗ್ ತಂಡವೊಂದರ ಸ್ಪರ್ಧಾ ಇತಿಹಾಸವನ್ನು ದಾಖಲಿಸುವುದು ಹೇಗೆ?

ಚಿಕ್ಕೋಡಿ, ಗೋಕಾಕ ಕಡೆಯ ಜಾತ್ರೆಗಳಲ್ಲಿ ಗಾಡಿ ಶರ್ಯತ್ತು ನೋಡಿದವರಿಗೆ ಒಂದು ತಕರಾರು ಹೊಸದೆನಿಸದು. ಹೋದ ವರ್ಷ ಗೆದ್ದ ಜೋಡೆತ್ತನ್ನು ಮಾಲೀಕ ಬೇರೆ ಊರಿನವರಿಗೆ ಮಾರಿಬಿಟ್ಟಿದ್ದರೆ, ಆ ಗೆಲುವನ್ನು ಈಗ ಯಾರ ಹೆಸರಿನಲ್ಲಿ ಹೇಳಬೇಕು? ಮೋಟಾರ್ ರೇಸಿಂಗ್ ತಂಡದ ಇತಿಹಾಸ ಬರೆಯಲು ಕುಳಿತವರು ಮೊದಲು ಬಗೆಹರಿಸಬೇಕಾದದ್ದು ಇದೇ ತಕರಾರನ್ನು. ಬೆಳಗಾವಿಯಲ್ಲಿ ಸ್ಪರ್ಧೆಗಾಗಿ ಕಾರು ಕಟ್ಟುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಮನೆಯಲ್ಲಿ ಕುಳಿತು ಫಾರ್ಮುಲಾ ಒನ್ ನೋಡುವವರಿಗೂ ಉಪಯೋಗವಾಗಲೆಂದು, ಒಂದು ನಿಜವಾದ ತಂಡವನ್ನೇ ಉದಾಹರಣೆಯಾಗಿಟ್ಟುಕೊಂಡು ಆ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಎರಡು ವಹಿಗಳನ್ನು ತೆರೆಯಿರಿ: ಒಂದು ಹೆಸರಿನದು, ಇನ್ನೊಂದು ಕಾರ್ಖಾನೆಯದು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನೆಲೆಸಿರುವ ತಂಡವೊಂದು 1991ರಲ್ಲಿ ಎಡ್ಡಿ ಜೋರ್ಡನ್ ಅವರ ಹೆಸರಿನಲ್ಲಿ ಫಾರ್ಮುಲಾ ಒನ್ ಕಣಕ್ಕಿಳಿದು, 2006ರಲ್ಲಿ ಮಿಡ್‌ಲ್ಯಾಂಡ್, 2007ರಲ್ಲಿ ಸ್ಪೈಕರ್, 2008ರಲ್ಲಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ, 2019ರಲ್ಲಿ ರೇಸಿಂಗ್ ಪಾಯಿಂಟ್, 2021ರಲ್ಲಿ ಆಸ್ಟನ್ ಮಾರ್ಟಿನ್ ಎಂದು ಹೆಸರು ಬದಲಿಸುತ್ತ ಬಂದಿದೆ. ಹೆಸರಿನ ವಹಿಯಲ್ಲಿ ಜೋರ್ಡನ್‌ಗೆ ನಾಲ್ಕು ಗೆಲುವು, ರೇಸಿಂಗ್ ಪಾಯಿಂಟ್‌ಗೆ ಒಂದು, ಫೋರ್ಸ್ ಇಂಡಿಯಾಕ್ಕೆ ಸೊನ್ನೆ. ಕಾರ್ಖಾನೆಯ ವಹಿಯಲ್ಲಿ 2020ರ ಕೊನೆಗೆ ಒಟ್ಟು ಐದು. ಎರಡೂ ಲೆಕ್ಕಗಳು ಸರಿಯೇ, ಆದರೆ ಯಾವುದನ್ನು ಹೇಳುತ್ತಿದ್ದೇವೆಂದು ತಿಳಿಸದೆ ಒಂದರೊಳಗೆ ಇನ್ನೊಂದನ್ನು ಬೆರೆಸಿದರೆ ಇಡೀ ಬರಹ ಕೆಡುತ್ತದೆ. ಇದರ ತಿರುವುಮುರುವೂ ಉಂಟು: ಆಸ್ಟನ್ ಮಾರ್ಟಿನ್ ಹೆಸರಿನ ಕಾರುಗಳು 1959 ಮತ್ತು 1960ರಲ್ಲಿಯೇ ಫಾರ್ಮುಲಾ ಒನ್‌ನಲ್ಲಿ ಓಡಿದ್ದವು, ಅವುಗಳಿಗೂ ಈ ಕಾರ್ಖಾನೆಗೂ ಯಾವ ಸಂಬಂಧವೂ ಇಲ್ಲ.

ಹೆಸರು ಒಂದೇ ಆಗಿದ್ದರೂ ಖಾತೆ ಬೇರೆಯಾಗುವ ಸಂದರ್ಭವೂ ಬರುತ್ತದೆ. 2018ರ ಜುಲೈನಲ್ಲಿ ಫೋರ್ಸ್ ಇಂಡಿಯಾ ಹಣದ ಮುಗ್ಗಟ್ಟಿನಿಂದ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಹೊಸ ಒಡೆಯರು ಆಗಸ್ಟ್‌ನ ಬೆಲ್ಜಿಯಂ ರೇಸಿನಿಂದ ಅದನ್ನು ಹೊಸ ತಂಡವಾಗಿ ನೋಂದಾಯಿಸಿದ್ದರಿಂದ, ಅಲ್ಲಿಯವರೆಗೆ ಗಳಿಸಿದ್ದ 59 ಅಂಕಗಳು ತಂಡಗಳ ಪಟ್ಟಿಯಿಂದ ಅಳಿಸಿಹೋದವು. ಉಳಿದ ರೇಸುಗಳಲ್ಲಿ 52 ಅಂಕ ಗಳಿಸಿ ಅದು ಏಳನೆಯ ಸ್ಥಾನಕ್ಕೇರಿತು. ಚಾಲಕರ ಅಂಕಗಳು ಮಾತ್ರ ಅವರವರ ಖಾತೆಯಲ್ಲಿಯೇ ಉಳಿದವು. ಅದೇ ಕಾರು, ಅದೇ ಚಾಲಕರು, ಅದೇ ಮೆಕ್ಯಾನಿಕರು, ಆದರೂ ಎರಡು ಸಾಲು. ಇಂಥ ಕಡೆ ಎರಡೂ ಸಾಲುಗಳನ್ನು ಬರೆದು, ಕಾರಣವನ್ನು ಪಕ್ಕದಲ್ಲಿ ನಮೂದಿಸಬೇಕು.

ಪ್ರತಿ ರೇಸಿಗೆ ಒಂದು ಸಾಲಿನಂತೆ ತಾರೀಖು, ಸರ್ಕ್ಯೂಟ್, ಚಾಲಕ, ಚಾಸಿಯ (ಕಾರಿನ ಚೌಕಟ್ಟಿನ) ಮಾದರಿ, ಎಂಜಿನ್, ಟೈರು, ಹೊರಟ ಸ್ಥಾನ, ಮುಗಿಸಿದ ಸುತ್ತು, ಸೇರಿದ ಸ್ಥಾನ ಇವಿಷ್ಟನ್ನು ತುಂಬಿರಿ. ಎಂಜಿನ್ ಮನೆಯನ್ನು ಖಾಲಿ ಬಿಡುವ ಅಭ್ಯಾಸ ಹಲವರಿಗಿದೆ, ಆದರೆ ಏರಿಳಿತದ ಕಾರಣ ಬಹಳ ಸಲ ಅಲ್ಲಿಯೇ ಸಿಗುತ್ತದೆ. ಜೋರ್ಡನ್ ಕಾರುಗಳಲ್ಲಿ 1998ರಿಂದ 2000ದವರೆಗೆ ಮುಗೆನ್ ಹೋಂಡಾ ಎಂಜಿನ್ ಇತ್ತು. 1998ರ ಬೆಲ್ಜಿಯಂ ರೇಸಿನಲ್ಲಿ ಡೇಮನ್ ಹಿಲ್ ಮೊದಲಿಗರಾಗಿ, ರಾಲ್ಫ್ ಶುಮಾಕರ್ ಎರಡನೆಯವರಾಗಿ ಬಂದದ್ದೂ, 1999ರಲ್ಲಿ ಹೈನ್ಸ್ ಹೆರಾಲ್ಡ್ ಫ್ರೆಂಟ್ಸನ್ ಫ್ರಾನ್ಸ್ ಮತ್ತು ಇಟಲಿಯಲ್ಲಿ ಗೆದ್ದು ತಂಡವು ಮೂರನೆಯ ಸ್ಥಾನ ಪಡೆದದ್ದೂ ಆ ಅವಧಿಯಲ್ಲಿಯೇ.

ಇನ್ನು ಅಂಕಗಳು. ಬೇರೆ ಬೇರೆ ಕಾಲದ ಅಂಕಗಳನ್ನು ನೇರವಾಗಿ ಹೋಲಿಸುವುದೆಂದರೆ ಆಣೆಯ ಲೆಕ್ಕವನ್ನು ನಯಾ ಪೈಸೆಯಲ್ಲಿ ಕೂಡಿಸಿದಂತೆ. ಫೋರ್ಸ್ ಇಂಡಿಯಾ 2009ರಲ್ಲಿ 13 ಅಂಕ, 2010ರಲ್ಲಿ 68 ಅಂಕ ಪಡೆಯಿತೆಂದು ಓದಿದವರು ತಂಡ ಐದು ಪಟ್ಟು ಬೆಳೆಯಿತೆಂದು ತಿಳಿಯುತ್ತಾರೆ. ವಾಸ್ತವದಲ್ಲಿ 2009ರವರೆಗೆ ಎರಡನೆಯ ಸ್ಥಾನಕ್ಕೆ 8, ನಾಲ್ಕನೆಯದಕ್ಕೆ 5 ಅಂಕಗಳಿದ್ದವು. 2010ರಿಂದ ಅವು 18 ಮತ್ತು 12 ಆದವು. 2009ರ ಆ 13 ಅಂಕಗಳು ಬಂದದ್ದು ಎರಡೇ ಫಲಿತಾಂಶಗಳಿಂದ: ಬೆಲ್ಜಿಯಂನಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಎರಡನೆಯವರು, ಇಟಲಿಯಲ್ಲಿ ಆಡ್ರಿಯನ್ ಸುಟಿಲ್ ನಾಲ್ಕನೆಯವರು. ಹೊಸ ಪದ್ಧತಿಯಲ್ಲಿ ಅವೆರಡಕ್ಕೇ 30 ಅಂಕಗಳಾಗುತ್ತಿದ್ದವು. ಆದುದರಿಂದ ಅಂಕಕ್ಕಿಂತ ವರ್ಷಾಂತ್ಯದ ಸ್ಥಾನವನ್ನು ಆಧಾರವಾಗಿಟ್ಟುಕೊಳ್ಳಿ: ಆ ವರ್ಷ ಒಂಬತ್ತನೆಯದು, ಮರುವರ್ಷ ಏಳನೆಯದು. ಏಳಿಗೆ ನಿಜ, ಆದರೆ ಐದು ಪಟ್ಟಿನದಲ್ಲ. ಬೆಲ್ಜಿಯಂ ರೇಸ್ ಮುಗಿಯುತ್ತಿದ್ದಂತೆ ಫಿಸಿಕೆಲ್ಲಾ ಫೆರಾರಿ ಸೇರಿದರು; ಆ 8 ಅಂಕಗಳು ತಂಡದ ಲೆಕ್ಕದಲ್ಲಿ ಫೋರ್ಸ್ ಇಂಡಿಯಾದಲ್ಲಿಯೇ ಉಳಿಯುತ್ತವೆಂಬುದನ್ನು ಮರೆಯಬಾರದು.

ಕೊನೆಯ ಮನೆ ಷರಾದ್ದು, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅವರು ಜೋರ್ಡನ್ ಕಾರಿನಲ್ಲಿ ಅದೇ ವರ್ಷ ಅಮೆರಿಕದ ರೇಸಿನಲ್ಲಿ ನಾಲ್ಕನೆಯವರಾದರು. ಮಿಶೆಲಿನ್ ಟೈರುಗಳು ಸುರಕ್ಷಿತವಲ್ಲವೆಂದು ಏಳು ತಂಡಗಳು ಹಿಂದೆ ಸರಿದು, ಅಂದು ಓಡಿದ್ದು ಆರೇ ಕಾರುಗಳು ಎಂಬ ಷರಾ ಇಲ್ಲದಿದ್ದರೆ ಆ ನಾಲ್ಕು ಎಂಬ ಅಂಕಿ ಓದುಗನನ್ನು ದಾರಿ ತಪ್ಪಿಸುತ್ತದೆ. ಅಭಿಮಾನದಿಂದ ಷರಾ ಬಿಟ್ಟುಬಿಡುವ ಆಸೆ ನಮಗೆಲ್ಲ ಸಹಜ. ಹಾಗೆಯೇ 2003ರ ಬ್ರೆಜಿಲ್ ರೇಸಿನಲ್ಲಿ ಅಂದು ಗೆದ್ದವರೆಂದು ಘೋಷಿಸಲಾದದ್ದು ಕಿಮಿ ರೈಕೊನೆನ್ ಅವರನ್ನು. ಸುತ್ತುಗಳ ಎಣಿಕೆಯಲ್ಲಿ ತಪ್ಪಾಗಿದೆಯೆಂದು ಕೆಲವು ದಿನಗಳ ಮೇಲೆ ಗೊತ್ತಾಗಿ ಗೆಲುವು ಜೋರ್ಡನ್‌ನ ಫಿಸಿಕೆಲ್ಲಾ ಅವರಿಗೆ ಸಂದಿತು, ಟ್ರೋಫಿಯನ್ನು ಇಮೋಲಾದಲ್ಲಿ ಹಸ್ತಾಂತರಿಸಲಾಯಿತು. ಮರುದಿನದ ಪತ್ರಿಕೆಯನ್ನಷ್ಟೇ ನಂಬಿ ಬರೆದರೆ ಜೋರ್ಡನ್ ಹೆಸರಿನ ಕೊನೆಯ ಗೆಲುವೇ ಬಿಟ್ಟುಹೋಗುತ್ತದೆ.

ವಿದ್ಯಾರ್ಥಿ ತಂಡಗಳಿಗೂ ಕ್ರಮ ಇದೇ, ಮನೆಗಳು ಮಾತ್ರ ಸ್ವಲ್ಪ ಬೇರೆ. ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳು ಸೆಣಸುವ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗಳಲ್ಲಿ ವಿನ್ಯಾಸ, ವೆಚ್ಚದ ಲೆಕ್ಕಗಳಿಗೂ ಅಂಕಗಳಿರುವುದರಿಂದ, ಕಾರು ಓಡಿ ಗಳಿಸಿದ್ದನ್ನೂ ಕಾಗದದ ಮೇಲೆ ಗಳಿಸಿದ್ದನ್ನೂ ಪ್ರತ್ಯೇಕವಾಗಿ ಬರೆಯಬೇಕು. ಸುಮಾರು 22 ಕಿಲೋಮೀಟರಿನ ಎಂಡ್ಯೂರೆನ್ಸ್ (ತಾಳಿಕೆಯ) ಓಟದಲ್ಲಿ ಕಾರು ನಡುವೆ ನಿಂತರೆ ಎಷ್ಟನೆಯ ಸುತ್ತಿನಲ್ಲಿ, ಯಾವ ಭಾಗ ಕೈಕೊಟ್ಟು ನಿಂತಿತೆಂಬುದನ್ನು ಅದೇ ಸಂಜೆ ಬರೆದಿಡಬೇಕು, ಏಕೆಂದರೆ ಅದನ್ನು ಬಲ್ಲ ಹುಡುಗರು ಮರುವರ್ಷ ಪಾಸಾಗಿ ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಹಳೆಯ ವರ್ಷಗಳ ದಾಖಲೆ ಕಳೆದುಹೋಗಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ಮಾಡಿಸಿದ ಕೆಲಸದ ಬಿಲ್ಲುಗಳನ್ನು ಹುಡುಕಿರಿ. ಹಬ್ (ಚಕ್ರವನ್ನು ಕೂರಿಸುವ ಭಾಗ) ಲೇತಿನಲ್ಲಿ ತಿರುವಿಸಿದ ತಾರೀಖು ಅದರಲ್ಲಿರುತ್ತದೆ, ಯಾವ ಸ್ಪರ್ಧೆಗೆ ಯಾವ ಹಬ್ ಹೋಗಿತ್ತೆಂಬುದು ಅದರಿಂದ ತಿಳಿಯುತ್ತದೆ.