ಎರಡನೇ ಗೆರೆ ಬಂದ ಮೇಲೆ

ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಸಿ, ಅಂದರೆ ರಕ್ತದಿಂದ ಹರಡುವ ವೈರಸ್‌ನಿಂದ ಬರುವ ಲಿವರ್ ಕಾಯಿಲೆ, ಇರುವವರಿಗೆ ನಾನು ಆಪ್ತಸಮಾಲೋಚಕಿ. 2030ರೊಳಗೆ ಈ ಕಾಯಿಲೆ ನಿರ್ಮೂಲನೆ ಅಂತ ನನ್ನ ರೂಮಿನ ಗೋಡೆಯಲ್ಲೇ ಪೋಸ್ಟರ್ ಇದೆ. ಮೊದಮೊದಲು ಎಷ್ಟು ಜನರಿಗೆ ಟೆಸ್ಟ್ ಮಾಡಿದೆವು ಅನ್ನುವುದೇ ಲೆಕ್ಕ ಅಂದುಕೊಂಡಿದ್ದೆ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ, ಸ್ವಲ್ಪ ಹೊತ್ತು ಕಾದರೆ ಸ್ಟ್ರಿಪ್ ಮೇಲೆ ಒಂದೋ ಎರಡೋ ಗೆರೆ. ರಿಜಿಸ್ಟರ್ ತುಂಬುತ್ತಿತ್ತು. ಎರಡು ಗೆರೆ ಬಂದವರು ಮಾತ್ರ ವಾಪಸ್ ಬರುತ್ತಿರಲಿಲ್ಲ.

ಎರಡು ಗೆರೆ ಅಂದರೆ ವೈರಸ್ ಯಾವತ್ತೋ ಮೈಗೆ ಬಂದಿತ್ತು ಅಂತ ಅಷ್ಟೆ. ಕೆಲವರಲ್ಲಿ ಅದು ತಾನಾಗಿಯೇ ಹೋಗಿರುತ್ತದೆ. ಈಗಲೂ ಇದೆಯಾ ಅಂತ ಹೇಳುವುದು ವೈರಲ್ ಲೋಡ್ ಟೆಸ್ಟ್. ಅದಕ್ಕೆ ನಾವು ‘ಸೋಮವಾರ ಬನ್ನಿ’ ಅನ್ನುತ್ತಿದ್ದೆವು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಹತ್ತಿ, ನೋವೇ ಇಲ್ಲದ ಕಾಯಿಲೆಗೆ ಯಾರು ಬರುತ್ತಾರೆ ಹೇಳಿ?

ಹಾಗಾಗಿ ಗೆರೆ ಕಂಡ ಕೂಡಲೇ, ಅದೇ ಕುರ್ಚಿಯಲ್ಲಿ ಕೂತಿರುವಾಗಲೇ, ತೋಳಿನಿಂದ ರಕ್ತ ತೆಗೆಯಲು ಶುರು ಮಾಡಿದೆವು. ಒಂದು ಸಂಜೆ ಹಾಗೆ ತೆಗೆದ ಟ್ಯೂಬನ್ನು ಲ್ಯಾಬಿಗೆ ಕಳಿಸಲು ಮರೆತೆ. ರಾತ್ರಿಯೆಲ್ಲ ಟೇಬಲ್ ಮೇಲೇ ಇತ್ತು. ಬೆಳಗ್ಗೆ ಲ್ಯಾಬಿನವರು ಬೇಡ ಅಂದರು. ಆ ಹುಡುಗನಿಗೆ ಆರು ಸಲ ಫೋನ್ ಮಾಡಿದೆ, ಬರಲೇ ಇಲ್ಲ. ಈಗಲೂ ಮನೆಗೆ ಹೊರಡುವ ಮುಂಚೆ ನೇರಳೆ ಮುಚ್ಚಳದ ಅಂಥ ಟ್ಯೂಬ್ ಎಲ್ಲಾದರೂ ಉಳಿದಿದೆಯಾ ಅಂತ ನೋಡುತ್ತೇನೆ.

ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವ ಅಮ್ಮ ಒಬ್ಬರು ಬಂದರು. “ಕಣ್ಣೇ ಹಳದಿ ಆಗಿಲ್ಲ, ಇದೆಂಥ ಕಾಮಾಲೆ ಮೇಡಂ?” ರಕ್ತ ಹಾಕಿಸಿಕೊಂಡಿದ್ದೀರಾ ಅಂತ ಕೇಳಿದರೆ ಇಲ್ಲವೇ ಇಲ್ಲ. ಹೆರಿಗೆ ಹೇಗಾಯ್ತಮ್ಮ ಅಂದೆ. ಆಗ ಎಲ್ಲ ಹೊರಗೆ ಬಂತು: 1994, ಆಪರೇಷನ್, ಎರಡು ಬಾಟಲಿ ರಕ್ತ. ದಾನಿಗಳ ರಕ್ತಕ್ಕೆ ಈ ಟೆಸ್ಟ್ ನಮ್ಮಲ್ಲಿ ಕಡ್ಡಾಯವಾದದ್ದೇ 2001ರಲ್ಲಿ. ಅಂದಿನಿಂದ ಹೆಂಗಸರನ್ನು ಮೊದಲು ಹೆರಿಗೆ ಬಗ್ಗೆಯೇ ಕೇಳುತ್ತೇನೆ.

ಅವರಿಗೆ ವೈರಸ್ ಇತ್ತು, ಪುಣ್ಯಕ್ಕೆ ಲಿವರ್ ಇನ್ನೂ ಕೆಟ್ಟು ಗಟ್ಟಿಯಾಗಿರಲಿಲ್ಲ. ಸೋಫೋಸ್‌ಬುವಿರ್, ಡಕ್ಲಾಟಾಸ್‌ವಿರ್ ಅಂತ ಎರಡು ಮಾತ್ರೆ, ದಿನಕ್ಕೆ ಒಂದೊಂದು, 84 ದಿನ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎಲ್ಲ ಪುಕ್ಕಟೆ. ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್ಟಿನ ಮೊದಲ ಟೀ ಜೊತೆ ಮಾತ್ರೆ ನುಂಗುತ್ತಿದ್ದರಂತೆ, ಒಂದು ದಿನವೂ ತಪ್ಪಿಸಲಿಲ್ಲ. ಮಾತ್ರೆ ಮುಗಿದು 12 ವಾರಕ್ಕೆ ಮತ್ತೆ ವೈರಲ್ ಲೋಡ್ ನೋಡಿದೆವು. ವೈರಸ್ ಇರಲಿಲ್ಲ.

ಕೆಲವು ತಿಂಗಳ ನಂತರ ಅಳುತ್ತಾ ಬಂದರು. ಕಣ್ಣಿನ ಪೊರೆ ಆಪರೇಷನ್‌ಗೆ ಹೋದ ಕಡೆ ಸ್ಟ್ರಿಪ್ ಹಾಕಿ ‘ಪಾಸಿಟಿವ್’ ಅಂದುಬಿಟ್ಟಿದ್ದರು. ವಾಸಿಯಾದರೂ ಆ ಗೆರೆ ಹೋಗುವುದಿಲ್ಲ. ಅದನ್ನು ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಅವತ್ತೇ ಅವರ ರಿಪೋರ್ಟ್ ಮೇಲೆ ಕೆಂಪು ಪೆನ್ನಲ್ಲಿ ‘ವಾಸಿಯಾಗಿದೆ, ಸ್ಟ್ರಿಪ್ ಬೇಡ, ವೈರಲ್ ಲೋಡ್ ನೋಡಿ’ ಅಂತ ಬರೆದು ಡಾಕ್ಟರ ಸಹಿ ಹಾಕಿಸಿದೆ. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಕೊಂಡು ಹೋದರು.