ಹಳೇ ಗಾಡಿಗಳ ಗುಂಪು ಸವಾರಿ: ಕಾಸರಗೋಡಿನಿಂದ ಮಡಿಕೇರಿಗೆ ಹೋಗಿಬರುವ ಏರ್ಪಾಟು

ಹಳೇ ಗಾಡಿ ಓಡುತ್ತಿರುವಾಗ ಕೈಕೊಡುವುದು ಕಡಿಮೆ. ನಿಂತಲ್ಲಿ, ಇಲ್ಲವೇ ಚಾ ಕುಡಿದು ಹೊರಟ ಮೊದಲ ಎರಡು ಕಿಲೋಮೀಟರಿನಲ್ಲಿ ಕೈಕೊಡುವುದೇ ಹೆಚ್ಚು. ಹಾಗಾಗಿ ಹತ್ತು ಹನ್ನೆರಡು ಅಂಬಾಸಿಡರ್, ಪದ್ಮಿನಿ, ಜೀಪುಗಳನ್ನು ಒಟ್ಟಿಗೆ ಹೊರಡಿಸುವವರು ದಾರಿ ನೋಡುವ ಮೊದಲು ನಿಲ್ಲುವ ಜಾಗ ನೋಡಬೇಕು. ತಿಂಡಿ ಎಲ್ಲಿ, ನೆರಳು ಎಲ್ಲಿ, ಇಂಜಿನ್ ತಣಿಯಲು ಎಷ್ಟು ಹೊತ್ತು ಎಂಬ ಲೆಕ್ಕ ಮೊದಲು, ನೋಡುವ ಜಾಗಗಳ ಪಟ್ಟಿ ಆಮೇಲೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಎರಡು ದಿನದ ಸವಾರಿ. ಹೋಗುವಾಗ ಕಾಸರಗೋಡು, ಚೆರ್ಕಳ, ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ. ಬರುವಾಗ ಭಾಗಮಂಡಲ, ಕರಿಕೆ, ಪಾಣತ್ತೂರು, ರಾಜಪುರಂ, ಕಾಞಂಗಾಡು, ಬೇಕಲ. ಗಡಿ ಎರಡು ಸಲ ದಾಟುತ್ತದೆ, ಘಾಟಿ ಒಂದು ಸಲ ಹತ್ತಿ ಒಂದು ಸಲ ಇಳಿಯುತ್ತದೆ. ಗಾಡಿಯ ಹುಳುಕೆಲ್ಲ ಹೊರಬೀಳಲು ಇಷ್ಟು ಸಾಕು.

ತಿಂಗಳು, ಹೊತ್ತು, ನಿಲುಗಡೆ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲ ಬೇಡವೇ ಬೇಡ. ವೈಪರ್ ಅರ್ಧ ಗಾಜು ಮಾತ್ರ ಒರೆಸುವ ಗಾಡಿಗಳ ಕಷ್ಟ ಒಂದಾದರೆ, ಗುಡ್ಡ ಜರಿಯುವ ಭಯ ಇನ್ನೊಂದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಸಂಪಾಜೆ ಘಾಟಿಯ ರಸ್ತೆಯೇ ಮುಚ್ಚಿಹೋಗಿತ್ತು. ಡಿಸೆಂಬರ್ ಕೊನೆಯ ವಾರವನ್ನೂ ಉದ್ದ ರಜೆಯ ವಾರಾಂತ್ಯಗಳನ್ನೂ ಬಿಟ್ಟುಬಿಡಿ. ಮಡಿಕೇರಿ ಪೇಟೆಯಲ್ಲಿ ಬಂಪರಿಗೆ ಬಂಪರ್ ತಾಗುವ ಹಾಗೆ ಗಾಡಿ ನಿಂತಿರುತ್ತದೆ, ಘಾಟಿಯ ಚಡವಿಗಿಂತ ಆ ಜಾಮೇ ಹಳೇ ಇಂಜಿನಿಗೆ ಕಷ್ಟ. ಗಾಡಿ ಚಲಿಸದಿದ್ದರೆ ರೇಡಿಯೇಟರಿಗೆ ಗಾಳಿ ಇಲ್ಲ. ಡೈನಮೋ ಇರುವ ಗಾಡಿಯಾದರೆ ಐಡಲಿನಲ್ಲಿ ಬ್ಯಾಟರಿ ಚಾರ್ಜೂ ಆಗುವುದಿಲ್ಲ.

ಕಾಸರಗೋಡಿನಿಂದ ಮಡಿಕೇರಿಗೆ ಈ ದಾರಿಯಲ್ಲಿ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಮ್ಯಾಪ್ ಮೂರು ಗಂಟೆ ತೋರಿಸಿದರೆ ಗುಂಪಿಗೆ ಐದು ಗಂಟೆ ಹಿಡಿಯಿರಿ. ಬೆಳಗ್ಗೆ ಆರೂವರೆಗೆ ಹೊರಟರೆ ಶಾಲಾ ಬಸ್ಸುಗಳು ರಸ್ತೆಗಿಳಿಯುವ ಮೊದಲೇ ಚೆರ್ಕಳ ದಾಟಿರುತ್ತೀರಿ, ಬಿಸಿಲು ಏರುವ ಮೊದಲು ಸಂಪಾಜೆ ಸೇರುತ್ತೀರಿ.

ಮೊದಲ ನಿಲುಗಡೆ ಮುಳ್ಳೇರಿಯ. ತಿನ್ನಲಿಕ್ಕಲ್ಲ, ನೋಡಲಿಕ್ಕೆ, ಹದಿನೈದು ನಿಮಿಷ ಸಾಕು. ಸಡಿಲವಾದ ಹೋಸ್ ಕ್ಲಿಪ್, ಸರಿಯಾಗಿ ಕೂರದ ಗ್ಯಾಸ್ಕೆಟ್, ಬಿಗಿಯಾಗದ ಚಕ್ರದ ನಟ್ಟು ಎಲ್ಲ ಮೊದಲ ಇಪ್ಪತ್ತೈದು ಕಿಲೋಮೀಟರಿನಲ್ಲೇ ಗೊತ್ತಾಗುತ್ತವೆ. ಪ್ರತಿಯೊಬ್ಬರೂ ತಮ್ಮ ಗಾಡಿಯ ಅಡಿ ಬಗ್ಗಿ ನೋಡಬೇಕು. ನಾಲ್ಕೂ ಚಕ್ರದ ನಡುಭಾಗಕ್ಕೆ ಅಂಗೈಯ ಹಿಂಬದಿ ಹತ್ತಿರ ಹಿಡಿಯಬೇಕು. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಆ ಗಾಡಿ ಅಲ್ಲಿಂದಲೇ ಹಿಂದೆ ಹೋಗಲಿ, ಕಾಸರಗೋಡು ಇನ್ನೂ ಹತ್ತಿರ ಇರುವಾಗ.

ಎರಡನೆಯದು ಸುಳ್ಯ, ತಿಂಡಿಗೂ ಪೆಟ್ರೋಲಿಗೂ. ಕೇರಳಕ್ಕಿಂತ ಕರ್ನಾಟಕದ ಬಂಕಿನಲ್ಲಿ ದರ ಕಡಿಮೆ, ಅದು ಗಡಿಯವರಿಗೆ ಹೇಳಬೇಕಾದ ಸಂಗತಿಯೇ ಅಲ್ಲ. ಆದರೆ ಆ ಉಳಿತಾಯಕ್ಕಾಗಿ ಖಾಲಿ ಟ್ಯಾಂಕಿನಲ್ಲಿ ಹೊರಡಬೇಡಿ. ತಳದಲ್ಲಿ ಕೂತ ತುಕ್ಕು, ಕೊಳೆ ಫಿಲ್ಟರಿಗೆ ಬಂದು ಕಟ್ಟುವುದು ಪೆಟ್ರೋಲ್ ಇಳಿದಾಗಲೇ. ಪೆಟ್ರೋಲ್ ತೋರಿಸುವ ಮುಳ್ಳು ಸುಳ್ಳು ಹೇಳುವ ಗಾಡಿಗಳೇ ಹೆಚ್ಚಿರುವುದರಿಂದ ಲೀಟರಿಗೆ ಎಂಟು ಕಿಲೋಮೀಟರ್ ಎಂದು ಹಿಡಿದು ಲೆಕ್ಕ ಹಾಕಿ.

ಹೋಟೆಲಿನವರಿಗೆ ಹಿಂದಿನ ದಿನವೇ ಫೋನ್ ಮಾಡಿ. ಸಾಲಾಗಿ ನಿಲ್ಲಿಸುವುದಾದರೆ ಗಾಡಿಗೆ ಆರು ಮೀಟರ್, ಹನ್ನೆರಡಕ್ಕೆ 72 ಮೀಟರ್ ಜಾಗ ಬೇಕು. ರಸ್ತೆಯ ಎಡಬದಿಯಲ್ಲೇ ಬೇಕು. ಹೆಂಗಸರಿಗೆ, ವಯಸ್ಸಾದವರಿಗೆ ಶೌಚಾಲಯ ಸರಿ ಇದೆಯಾ ಎಂದು ಹೋಗಿ ನೋಡಿಯೇ ಗೊತ್ತು ಮಾಡಿ. ಜಾಗ ತುಸು ಇಳಿಜಾರಾಗಿದ್ದರೆ ಒಳ್ಳೆಯದು, ಸ್ಟಾರ್ಟ್ ಆಗದ ಗಾಡಿಯನ್ನು ತಳ್ಳಲು ಜನ ಕರೆಯಬೇಕಿಲ್ಲ.

ಸಂಪಾಜೆಯಲ್ಲಿ ಘಾಟಿ ಹತ್ತುವ ಮೊದಲು ಹತ್ತು ನಿಮಿಷ, ಮದೆನಾಡಿನ ಹತ್ತಿರ ಇನ್ನೊಮ್ಮೆ. ಅಷ್ಟೇ.

ಮೊದಲ ಸಲ ಗುಂಪು ಕಟ್ಟುವವರು ನೇರ ಘಾಟಿಗೆ ಹೋಗುವುದು ಬೇಡ. ಎರಡು ವಾರ ಮೊದಲು ಕಾಸರಗೋಡು, ಚೆರ್ಕಳ, ಬದಿಯಡ್ಕ, ಸೀತಾಂಗೋಳಿ, ಕುಂಬಳೆ ಎಂದು ಸುಮಾರು 50 ಕಿಲೋಮೀಟರಿನ ಒಂದು ಸುತ್ತು ಹಾಕಿ. ದಾರಿಯಲ್ಲಿ ಅನಂತಪುರ ಕೆರೆ ದೇವಸ್ಥಾನದಲ್ಲಿ ಅರ್ಧ ಗಂಟೆ ನಿಲ್ಲಿಸಿ. ನಿಂತು ಬಿಸಿಯಾದ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದಾ ಎಂಬ ಪರೀಕ್ಷೆ ಅಲ್ಲೇ ಆಗಲಿ. ಅಲ್ಲಿ ಸೋತ ಗಾಡಿಗೆ ಮಡಿಕೇರಿ ಇಲ್ಲ. ಮಾಲೀಕರು ಎಷ್ಟೇ ಹತ್ತಿರದವರಾದರೂ ಇದರಲ್ಲಿ ದಾಕ್ಷಿಣ್ಯ ಬೇಡ.

ಕಾಗದಪತ್ರ

ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಮೂರರ ಪ್ರತಿಯನ್ನೂ ಕಾಗದದಲ್ಲೇ ಇಟ್ಟುಕೊಳ್ಳಿ. ಡಿಜಿಲಾಕರ್ ನಡೆಯುತ್ತದೆ, ಆದರೆ ಕಾಡಿನ ನಡುವೆ ನೆಟ್‌ವರ್ಕ್ ಸಿಗಬೇಕಲ್ಲ. ಆರ್‌ಸಿ ನವೀಕರಣದ ದಿನಾಂಕವನ್ನು ಹೆಸರು ಕೊಡುವಾಗಲೇ ನೋಡಿ, ಹಿಂದಿನ ರಾತ್ರಿ ನೋಡಿ ಪ್ರಯೋಜನವಿಲ್ಲ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಅಂಥ ಗಾಡಿ ದಿನನಿತ್ಯದ ಓಡಾಟಕ್ಕಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ ಅಡ್ಡಿಯಿಲ್ಲ. ಕ್ಲಬ್ಬಿನ ಪತ್ರವೊಂದು ಗಾಡಿಯಲ್ಲಿದ್ದರೆ ತಪಾಸಣೆಯಲ್ಲಿ ಮಾತು ಬೇಗ ಮುಗಿಯುತ್ತದೆ.

ಹೆಚ್ಚಿನವರು ಓದದ ಒಂದು ಸಾಲು ವಿಮೆಯ ಪತ್ರದಲ್ಲಿದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸ್, ವೇಗಪರೀಕ್ಷೆ, ಗಾಡಿಯ ತಾಳಿಕೆ ನೋಡುವ ಸ್ಪರ್ಧೆ ಇವುಗಳಿಗೆ ರಕ್ಷಣೆ ಇಲ್ಲ. ಆದ್ದರಿಂದ ಸಮಯ ಬರೆದಿಡುವುದು, ಮೊದಲು ಬಂದವರಿಗೆ ಬಹುಮಾನ ಕೊಡುವುದು, ಸವಾರರಿಗೆ ಕೊಡುವ ದಾರಿಚೀಟಿಯಲ್ಲಿ ಸ್ಪರ್ಧೆ ಎಂಬ ಪದ ಹಾಕುವುದು ಬೇಡ. ಬಹುಮಾನ ಕೊಡಲೇಬೇಕೆಂದಿದ್ದರೆ ಚಂದದ ಗಾಡಿಗೆ ಕೊಡಿ.

ಹೊರಡುವ ಜಾಗದ ಪೊಲೀಸ್ ಠಾಣೆಗೂ ಸುಳ್ಯ ಠಾಣೆಗೂ ವಾರ ಮೊದಲು ಒಂದು ಪತ್ರ ಕೊಡಿ: ದಿನ, ಹೊತ್ತು, ಗಾಡಿಗಳ ಸಂಖ್ಯೆ, ನಂಬರುಗಳು, ಇಬ್ಬರ ಫೋನ್.

ಸಾಲಿನ ಕ್ರಮ

ಹನ್ನೆರಡು ಗಾಡಿ ಒಂದೇ ಸಾಲಾಗಿ ಹೋದರೆ ಹಿಂದಿನ ಬಸ್ಸಿಗೆ ಓವರ್‌ಟೇಕ್ ಮಾಡಲಾಗುವುದಿಲ್ಲ, ಅದು ಹಾರ್ನ್ ಹಾಕುತ್ತ ನಡುವೆ ನುಗ್ಗುತ್ತದೆ. ಆರಾರು ಗಾಡಿಯ ಎರಡು ತಂಡ ಮಾಡಿ, ಹತ್ತು ನಿಮಿಷ ಅಂತರದಲ್ಲಿ ಬಿಡಿ. ಒಂದೊಂದು ಗಾಡಿಯ ನಡುವೆ ಬಸ್ಸೊಂದು ಬಂದು ಸೇರುವಷ್ಟು, ಅಂದರೆ 50 ಮೀಟರಾದರೂ ಜಾಗ ಇರಲಿ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು ಬೇಡ, ತಿರುಗುವಾಗ ಯಾರಿಗೂ ಗೊತ್ತಾಗುವುದಿಲ್ಲ. ಮೆರವಣಿಗೆಯ ಆಸೆ ಇದ್ದವರಿಗೆ ಮದುವೆ ದಿಬ್ಬಣಗಳು ಧಾರಾಳ ಸಿಗುತ್ತವೆ.

ದಾರಿ ತಪ್ಪದಿರಲು ಇರುವ ನಿಯಮ ಒಂದೇ: ನಿಮ್ಮ ಹಿಂದಿನ ಗಾಡಿ ನಿಮ್ಮ ಜವಾಬ್ದಾರಿ. ತಿರುವು ಬಂದಾಗ ಕನ್ನಡಿಯಲ್ಲಿ ಹಿಂದಿನವರು ಕಾಣದಿದ್ದರೆ ಬದಿಗೆ ಹಾಕಿ ಕಾಯಿರಿ. ಅವರು ಕಂಡು, ನೀವು ತಿರುಗಿದ್ದನ್ನು ನೋಡಿದ ಮೇಲೆ ಹೊರಡಿ. ಹೀಗೆ ಮಾಡಿದರೆ ಒಂದು ಗಾಡಿ ನಿಂತಾಗ ಸುದ್ದಿ ತಾನಾಗಿ ಮುಂದಕ್ಕೆ ಮುಟ್ಟುತ್ತದೆ, ಫೋನ್ ಬೇಕಿಲ್ಲ. ವಾಟ್ಸಾಪ್ ಲೊಕೇಶನ್ ನಂಬಿ ಹೋದವರು ಕರಿಕೆ ಕಾಡಿನಲ್ಲಿ ಒಬ್ಬೊಬ್ಬರಾಗಿ ಉಳಿಯುತ್ತಾರೆ. ವಾಕಿಟಾಕಿ ಬೇಕೆಂದರೆ ಪರವಾನಗಿ ಬೇಡದ 446.0–446.2 ಮೆಗಾಹರ್ಟ್ಸಿನದ್ದು ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಅದರಾಚೆಗಿನ ಆವರ್ತನದಲ್ಲೂ ಓಡುವ ಸೆಟ್ಟುಗಳಿಗೆ ಪರವಾನಗಿ ಬೇಕು.

ಮುಂದಿನ ಗಾಡಿಯಲ್ಲಿ ದಾರಿ ಗೊತ್ತಿರುವವರು. ಅವರ ಬೆನ್ನಿಗೇ ತಂಡದ ಅತಿ ನಿಧಾನದ ಗಾಡಿ. ಅದನ್ನು ಕೊನೆಗೆ ಹಾಕಿದರೆ ಅದು ದಿನವಿಡೀ ಓಡಿಕೊಂಡೇ ಬರಬೇಕು, ಬೇರೆಯವರು ಇಳಿದು ಚಾ ಮುಗಿಸುವಾಗ ಅದು ತಲುಪಿರುತ್ತದೆ. ಕಟ್ಟಕಡೆಗೆ ಮೆಕ್ಯಾನಿಕ್ ಇರುವ ಗಾಡಿ. ಅದು ಹೊಸ ಬೊಲೆರೋ ಆದರೂ ಯಾರೂ ಮುಖ ಸಿಂಡರಿಸಬೇಡಿ.

ಈ ಕ್ರಮ ಹತ್ತುವಾಗಿನದ್ದು. ಇಳಿಯುವಾಗ ಬದಲಾಗಬೇಕು. ನಾಲ್ಕೂ ಡ್ರಮ್ ಬ್ರೇಕಿನ ಗಾಡಿಗಳು ಮುಂದೆ, ಡಿಸ್ಕ್ ಇರುವವು ಹಿಂದೆ. ಡಿಸ್ಕಿನ ಗಾಡಿ ಗಕ್ಕನೆ ನಿಂತರೆ ಹಿಂದಿನ ಪದ್ಮಿನಿ ನಿಲ್ಲಲಾರದು.

ಹತ್ತುವಾಗ

ಘಾಟಿಯಲ್ಲಿ ಎರಡು ತೊಂದರೆ ಒಂದೇ ಥರ ಕಾಣುತ್ತವೆ: ಗಾಡಿ ಜಗ್ಗುತ್ತದೆ, ಉಸಿರು ಬಿಟ್ಟ ಹಾಗೆ ನಿಲ್ಲುತ್ತದೆ. ಒಂದಕ್ಕೆ ಕಾರಣ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಪಂಪು ಬರಿಯ ಆವಿಯನ್ನು ಒತ್ತುವುದು, ಅಂದರೆ ವೇಪರ್ ಲಾಕ್. ಇನ್ನೊಂದಕ್ಕೆ ಬಿಸಿಗೆ ಸೋತ ಕಂಡೆನ್ಸರ್ ಅಥವಾ ಕಾಯಿಲ್, ಅಂದರೆ ಪ್ಲಗ್ಗಿಗೆ ಕಿಡಿ ಒದಗಿಸುವ ಭಾಗಗಳು. ಗುರುತಿಸುವುದು ಹೀಗೆ: ಗಾಡಿ ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಪೆಟ್ರೋಲ್ ಪೈಪಿನಿಂದ ದೂರ, ಇಂಜಿನಿನ ಕಬ್ಬಿಣಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಯಿರಿ. ಕಿಡಿ ನೀಲಿಯಾಗಿ ಚಟಪಟ ಎಂದರೆ ದೋಷ ಪೆಟ್ರೋಲಿನ ಕಡೆ. ಹಳದಿಯಾಗಿ ಸೊರಗಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಪಾಯಿಂಟ್, ಅಂದರೆ ಕಾಯಿಲಿನ ವಿದ್ಯುತ್ತನ್ನು ಕಡಿದು ಕೂಡಿಸುವ ತುದಿಗಳನ್ನು ನೋಡಿ. ಅಂಬಾಸಿಡರಿನ ಪಾಯಿಂಟ್ ಅಂತರ 0.35ರಿಂದ 0.40 ಮಿ.ಮೀ.

ವೇಪರ್ ಲಾಕಿಗೆ ಮದ್ದು ಒದ್ದೆ ಬಟ್ಟೆ. ಪಂಪಿಗೂ ಅಲ್ಲಿಂದ ಕಾರ್ಬುರೇಟರಿಗೆ ಹೋಗುವ ಪೈಪಿಗೂ ಸುತ್ತಿ, ಬಾನೆಟ್ ತೆರೆದು ಇಪ್ಪತ್ತು ನಿಮಿಷ ಬಿಡಿ. ಎಕ್ಸಲರೇಟರ್ ಒತ್ತುತ್ತ ಸೆಲ್ಫ್ ಹೊಡೆದರೆ ಬ್ಯಾಟರಿ ಹೋಗುತ್ತದೆ, ಅಷ್ಟೇ ಲಾಭ. ಬಾರದ ಹಾಗೆ ತಡೆಯುವುದು ಇನ್ನೂ ಸುಲಭ: ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ, ಪ್ರತಿ ನಿಲುಗಡೆಯಲ್ಲೂ ಬಾನೆಟ್ ತೆರೆದಿಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ, ಹಳೇ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ. ಸವಾರಿಗೆ ಮೊದಲು ಹೋಸುಗಳನ್ನು ಎಥನಾಲ್ ತಾಳುವ ಹೊಸ ಹೋಸಿಗೆ ಬದಲಿಸಿ. ಪೆಟ್ರೋಲಿನ ವಾಸನೆ ಬರುವ ಗಾಡಿಯನ್ನು ಸಾಲಿಗೆ ಸೇರಿಸಬೇಡಿ.

ನೀರು ಕುದಿದರೆ ನೆರಳಿಗೆ ಹಾಕಿ. ಕ್ಯಾಪಿಗೆ ಅರ್ಧ ಗಂಟೆ ಕೈ ಹಚ್ಚಬೇಡಿ. ಆಮೇಲೆ ದಪ್ಪ ಬಟ್ಟೆ ಹಾಕಿ ಸ್ವಲ್ಪ ಸ್ವಲ್ಪ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಅದು ಓಡುತ್ತಿರುವಂತೆಯೇ ನೀರನ್ನು ನಿಧಾನಕ್ಕೆ ಹೊಯ್ಯಿರಿ. ನಿಂತ ಬಿಸಿ ಇಂಜಿನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ಡು ಬಿರುಕು ಬಿಡುತ್ತದೆ.

ಇಳಿಯುವಾಗ

ಭಾಗಮಂಡಲದಿಂದ ಕರಿಕೆಗೆ ಇಳಿಯುವ ರಸ್ತೆ ಅಗಲ ಕಿರಿದು, ಎರಡೂ ಬದಿ ಕಾಡು, ಆನೆಯ ಓಡಾಟ ಇದೆ. ಮಧ್ಯಾಹ್ನ ಮೂರಕ್ಕೆ ಮೊದಲು ಕೊನೆಯ ಗಾಡಿ ಪಾಣತ್ತೂರು ಮುಟ್ಟುವ ಹಾಗೆ ಮಡಿಕೇರಿ ಬಿಡಿ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವ ಹಳೇ ಚಾಳಿ ಕೆಲವರಿಗಿನ್ನೂ ಇದೆ. ಹೊರಡುವ ಮೊದಲೇ ಅವರ ಹೆಸರು ಹಿಡಿದು ಹೇಳಿಬಿಡಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಲೈನಿಂಗ್ ಹಿಡಿಯುವುದಿಲ್ಲ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಒಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ ಎಂದರ್ಥ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸದ ಗಾಡಿಗೆ ಘಾಟಿ ಬೇಡ.

ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಅಡ್ಡ ಇಡಿ. ಕಾದ ಡ್ರಮ್ಮಿಗೆ ನೀರು ಹಾಕಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ.

ಕೊನೆಯ ಗಾಡಿಯ ಡಿಕ್ಕಿ

ಇಪ್ಪತ್ತು ಲೀಟರ್ ನೀರು, ನಾಲ್ಕು ಮರದ ತುಂಡು, ಎಳೆಯುವ ಹಗ್ಗ, ಎರಡು ಕೆಂಪು ತ್ರಿಕೋನ, ಎರಡು ಕಿಲೋದ ಪೌಡರ್ ಅಗ್ನಿಶಾಮಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್ ಒಂದೊಂದು ಮಾದರಿಗೂ ಬೇರೆ ಬೇರೆ, ಆದ್ದರಿಂದ ಅವು ಆಯಾ ಗಾಡಿಯಲ್ಲೇ ಇರಲಿ. ಸ್ಟೆಪ್ನಿಯೂ ಹಾಗೆಯೇ: ಪದ್ಮಿನಿಯದ್ದು 14 ಇಂಚು, ಅಂಬಾಸಿಡರಿನದ್ದು 15.

ಸತ್ತ ಬ್ಯಾಟರಿಗೆ ಬೇರೆ ಗಾಡಿಯಿಂದ ಜಂಪ್ ಕೇಬಲ್ ಹಾಕುವ ಮೊದಲು ನೋಂದಣಿಯ ಪಟ್ಟಿ ನೋಡಿ. ಹಳೇ ವಿಲ್ಲಿಸ್ ಜೀಪು, 1967ಕ್ಕೆ ಮೊದಲಿನ ಬೀಟಲ್‌ಗಳು 6 ವೋಲ್ಟ್. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೂಡಿರುವುದುಂಟು. ಹೆಸರು ನೋಂದಾಯಿಸುವಾಗಲೇ ವೋಲ್ಟು, ಅರ್ತ್, ಬ್ರೇಕಿನ ಬಗೆ, ಟಯರಿನ ವರ್ಷ ಬರೆಸಿಕೊಳ್ಳಿ. ಟಯರಿನ ಬದಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. ಏಳು ವರ್ಷ ದಾಟಿದ ಟಯರ್ ಎಷ್ಟೇ ಹೊಸದಾಗಿ ಕಂಡರೂ ಒಳಗೆ ರಬ್ಬರ್ ಬಿಗಿದಿರುತ್ತದೆ.

ರಿಕವರಿ ಗಾಡಿಯ ನಂಬರ್ ಕಾಸರಗೋಡಿನದ್ದೊಂದು, ಸುಳ್ಯದ್ದೊಂದು, ಕಾಞಂಗಾಡಿನದ್ದೊಂದು ದಾರಿಚೀಟಿಯಲ್ಲಿ ಅಚ್ಚಾಗಿರಲಿ. ಎಳೆಸಿಕೊಂಡು ಬರುವ ಖರ್ಚು ಗಾಡಿಯವರದ್ದೋ ಸಾಮೂಹಿಕ ನಿಧಿಯದ್ದೋ ಎಂದು ಹಣ ತೆಗೆದುಕೊಳ್ಳುವ ದಿನವೇ ಹೇಳಿ, ರಸೀದಿಯ ಹಿಂದೆ ಬರೆದುಕೊಡಿ.