ಪಾಸ್ ಬಿಟ್ಟೆ, ಊರು ಕಡಿಮೆ ಮಾಡಿದೆ: ನಮ್ಮಿಬ್ಬರ 14 ರಾತ್ರಿಯ ಯುರೋಪ್ ರೈಲು ಪ್ರವಾಸ

"ಪಾಸ್ ಇಲ್ಲದೆ ಯುರೋಪ್ ಸುತ್ತೋಕೆ ಹೊರಟಿದ್ದೀಯಾ? ಕೈ ಸುಟ್ಟುಕೊಳ್ತೀಯ ನೋಡು." ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ನಮ್ಮವರೂ ಆ ಗುಂಪಿನಲ್ಲೇ ಇದ್ದರು. ಈಗ ಅದೇ ಗುಂಪಿನ ಇಬ್ಬರು ನನ್ನ ಎಕ್ಸೆಲ್ ಹಾಳೆ ಕಳಿಸು ಅಂತ ಕೇಳುತ್ತಿದ್ದಾರೆ. ಹಾಳೆ ಕೊಡುವುದಿಲ್ಲ. ಕಥೆ ಹೇಳುತ್ತೇನೆ.

ಮೊದಲು ಹಳೇ ಗಾಯ. ಹಿಂದಿನ ಸಲ 14 ರಾತ್ರಿಗೆ 9 ಊರು ತುರುಕಿದ್ದೆ. ಇಬ್ಬರಿಗೂ 7 ದಿನದ ಯುರೈಲ್ ಪಾಸ್, ಅಂದರೆ ಬೇಕಾದ 7 ದಿನ ಯುರೋಪಿನ ಹಲವು ದೇಶಗಳ ರೈಲು ಹತ್ತಬಹುದಾದ ಪಾಸು, ಸೆಕೆಂಡ್ ಕ್ಲಾಸ್. ಎರಡೂ ಸೇರಿ 700 ಯೂರೋ ದಾಟಿತ್ತು. ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಅನ್ನೋದು ನಿಮಗೆ ಗೊತ್ತೇ ಇರುತ್ತದೆ. ನನಗೂ ಗೊತ್ತಿತ್ತು. ಆದರೆ ಪಾಸಿನವರಿಗೆ ಅಂತ ಎತ್ತಿಟ್ಟ ಸೀಟು ಖಾಲಿಯಾಗಿಬಿಡುತ್ತದೆ ಅಂತ ಗೊತ್ತಿರಲಿಲ್ಲ. ಪ್ಯಾರಿಸ್ ಬಿಡುವ ಹಿಂದಿನ ಸಂಜೆ ನೋಡಿದರೆ ಒಂದೂ ಇಲ್ಲ. ಅದೇ ರೈಲಿಗೆ ಮಾಮೂಲಿ ಟಿಕೆಟ್ ಮಾತ್ರ ಬೇಕಾದಷ್ಟಿತ್ತು, ತಲೆಗೆ 110ರ ಆಸುಪಾಸು. ಪಾಸ್ ಜೇಬಿನಲ್ಲಿಟ್ಟುಕೊಂಡೇ 220 ಯೂರೋ ಕೊಟ್ಟು ಹತ್ತಿದೆವು. ಆ ದಿನ ನಮ್ಮವರು ನನ್ನ ಜೊತೆ ಮಾತಾಡಿದ್ದು ಕಡಿಮೆ.

ಇನ್ನು ಆ 9 ಊರು. ದಿನ ಬಿಟ್ಟು ದಿನ ಪ್ಯಾಕಿಂಗ್. ಬೆಳಿಗ್ಗೆ 11ಕ್ಕೆ ರೂಮು ಬಿಡು, ಮಧ್ಯಾಹ್ನ 3ರವರೆಗೆ ಮುಂದಿನ ರೂಮು ಸಿಗುವುದಿಲ್ಲ. ಎಷ್ಟೋ ಫೋಟೋ ನೋಡಿ ಇವತ್ತಿಗೂ "ಇದು ಯಾವೂರು?" ಅಂತ ಜಗಳ ಆಡುತ್ತೇವೆ.

ಈ ಸಲ ಆರೇ ಊರು. ಆಮ್‌ಸ್ಟರ್‌ಡ್ಯಾಮ್ 3 ರಾತ್ರಿ, ಬರ್ಲಿನ್ 3, ಪ್ರಾಗ್ 2, ವಿಯೆನ್ನಾ 2, ವೆನಿಸ್ 1, ರೋಮ್ 3. ಇಳಿಯುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ವಾಪಸ್ ವಿಮಾನ ರೋಮ್‌ನಿಂದ. ಬಂದ ದಾರಿಯಲ್ಲೇ ತಿರುಗಿ ಬರುವ ಮಾತೇ ಇಲ್ಲ. ಪ್ಯಾರಿಸ್ ಯಾಕಿಲ್ಲ ಅಂತ ಎಲ್ಲರೂ ಕೇಳಿದರು. ನಕ್ಷೆಯ ಮೇಲೆ ಒಂದು ಗೆರೆ ಎಳೆದು ನೋಡಿ, ಪ್ಯಾರಿಸ್ ಆ ಗೆರೆಯ ಮೇಲೆ ಬರುವುದಿಲ್ಲ, ಅಷ್ಟೇ.

ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾದಲ್ಲಿ, ಒಂದು ಎಡವಟ್ಟಾಯಿತು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ನನ್ನ ಮೊದಲ ಹಾಳೆಯಲ್ಲಿ ಆಮ್‌ಸ್ಟರ್‌ಡ್ಯಾಮ್ 4, ವಿಯೆನ್ನಾ 1 ಇತ್ತು. ಇಟಲಿಯದೂ 4 ರಾತ್ರಿ, ಹಾಗಾಗಿ ನೆದರ್‌ಲ್ಯಾಂಡ್ಸ್‌ಗೆ ಅಪಾಯಿಂಟ್‌ಮೆಂಟ್ ಹಿಡಿದೆ. ಆಮೇಲೆ ವಿಯೆನ್ನಾಗೆ ಒಂದು ರಾತ್ರಿ ಸಾಲದು ಅನ್ನಿಸಿ ಆಮ್‌ಸ್ಟರ್‌ಡ್ಯಾಮ್‌ನದೊಂದನ್ನು ಇಲ್ಲಿಗೆ ಸರಿಸಿದೆ. ಮುಗೀತು, ಅರ್ಜಿ ಇಟಲಿಗೆ ಹೋಗಬೇಕಾಯಿತು. ಹಳೇದು ಬಿಟ್ಟು ಹೊಸ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಮೂರು ವಾರ ಹೋಯಿತು.

ಆ ಮೂರು ವಾರ ಟಿಕೆಟ್ ಬೆಲೆ ಸುಮ್ನೆ ಕೂರುತ್ತಾ? ಅಗ್ಗದ ಟಿಕೆಟ್‌ಗಳೆಲ್ಲ ದುಡ್ಡು ವಾಪಸ್ ಬಾರದ ಜಾತಿಯವು. ವೀಸಾ ಬರುವ ಮೊದಲು ತೆಗೆದರೆ ಜೂಜು, ಬಂದ ಮೇಲೆ ತೆಗೆದರೆ ಎರಡರಷ್ಟು. ನಾನು ಬರ್ಲಿನ್‌ಗೆ ಹೋಗುವುದು ಮತ್ತು ವಿಯೆನ್ನಾದಿಂದ ವೆನಿಸ್‌ಗೆ ಹೋಗುವುದು, ಇವೆರಡನ್ನು ಮಾತ್ರ ಮೊದಲೇ ಕೊಂಡೆ. ಹೋದರೆ 165 ಯೂರೋ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡಿದೆ. ಹೋಟೆಲ್‌ಗಳನ್ನು ರದ್ದು ಮಾಡಬಹುದಾದ ಬೆಲೆಯಲ್ಲೇ ಹಿಡಿದೆ.

ಆಮ್‌ಸ್ಟರ್‌ಡ್ಯಾಮ್‌ನಿಂದ ಬರ್ಲಿನ್‌ಗೆ ನೇರ ರೈಲಿದೆ, ಆರು ಗಂಟೆಯ ದಾರಿ. ನಾನು ಕಲೋನ್ ಮೇಲೆ ಸುತ್ತಿ ಹೋದೆ. ಜರ್ಮನ್ ರೈಲ್ವೆಯ ಆಪ್‌ನಲ್ಲಿ ನಡುವಿನ ನಿಲುಗಡೆ ಅಂತ ಒಂದು ಆಯ್ಕೆ ಇದೆ. ಅಲ್ಲಿ ಕಲೋನ್ ಅಂತ ಹಾಕಿ, ಎಷ್ಟು ಹೊತ್ತು ನಿಲ್ಲುತ್ತೇವೆ ಅಂತ ಕೊಟ್ಟರೆ ಒಂದೇ ಟಿಕೆಟ್‌ನಲ್ಲಿ ಎರಡು ಊರು. ನಾಲ್ಕು ಗಂಟೆ ಕೊಟ್ಟೆ. ಇಬ್ಬರಿಗೂ ಸೇರಿ 90 ಆಯಿತು.

ಕಲೋನ್ ನಿಲ್ದಾಣದ ಬಾಗಿಲು ದಾಟಿದರೆ ಕ್ಯಾಥೀಡ್ರಲ್ ಮುಖಕ್ಕೇ ಬಂದು ನಿಲ್ಲುತ್ತದೆ. ತಲೆ ಎತ್ತಿದರೆ ಕುತ್ತಿಗೆ ನೋಯುತ್ತದೆ. ಪೆಟ್ಟಿಗೆಗಳನ್ನು ಲಾಕರ್‌ಗೆ ಕೊಟ್ಟೆವು. ಅಲ್ಲಿನ ಲಾಕರ್ ಪೆಟ್ಟಿಗೆಯನ್ನು ನೆಲದೊಳಕ್ಕೆ ನುಂಗಿ, ಕೈಗೊಂದು ಕಾರ್ಡು ಕೊಡುತ್ತದೆ. ನಮ್ಮವರು ಎರಡು ನಿಮಿಷ ಆ ಮುಚ್ಚಿದ ಬಾಗಿಲನ್ನೇ ಅನುಮಾನದಿಂದ ನೋಡುತ್ತಾ ನಿಂತಿದ್ದರು. ಆಮೇಲೆ ದಕ್ಷಿಣದ ಗೋಪುರ ಹತ್ತಿದೆವು. 533 ಮೆಟ್ಟಿಲು, ಇಕ್ಕಟ್ಟಾದ ಸುರುಳಿ, ಹತ್ತುವವರೂ ಇಳಿಯುವವರೂ ಅದರಲ್ಲೇ. ಮುನ್ನೂರರ ಹತ್ತಿರ ಇಬ್ಬರೂ ಎಣಿಕೆ ಬಿಟ್ಟೆವು.

ಆ ಸಂಜೆಯ ರೈಲು ಬರ್ಲಿನ್ ತಲುಪುವಾಗ 70 ನಿಮಿಷ ತಡ. ನಮ್ಮವರು ಗೊಣಗುತ್ತಿದ್ದರು, ನಾನು ಒಳಗೊಳಗೇ ಖುಷಿಯಾಗಿದ್ದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ 60 ನಿಮಿಷ ದಾಟಿದರೆ ಕಾಲು ಭಾಗ ವಾಪಸ್, 120 ದಾಟಿದರೆ ಅರ್ಧ. ರೈಲಿನಿಂದ ಇಳಿಯುವ ಮೊದಲೇ ಅರ್ಜಿ ತುಂಬಿದ್ದೆ. 22 ಯೂರೋ ಚಿಲ್ಲರೆ ಬಂತು.

ಬರ್ಲಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿನ ಸಂಸತ್ ಭವನ ರೈಷ್‌ಸ್ಟಾಗ್‌ನ ಗಾಜಿನ ಗುಮ್ಮಟ ಹತ್ತುವುದು ಪುಕ್ಕಟೆ, ಆದರೆ ಮೊದಲೇ ಹೆಸರು ಕೊಟ್ಟಿರಬೇಕು. ಅಲ್ಲೇ ಒಂದು ಪ್ರಯೋಗವನ್ನೂ ಮಾಡಿದೆವು. ಅರ್ಧ ದಿನ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ರಾತ್ರಿ ಊಟಕ್ಕೆ ಕೂತಾಗ ಇಬ್ಬರಿಗೂ ಹೇಳಲು ಏನಾದರೂ ಇತ್ತು. ಆಮೇಲೆ ಪ್ರತಿ ದೊಡ್ಡ ಊರಿನಲ್ಲೂ ಹಾಗೇ ಮಾಡಿದೆವು. ಎರಡು ವಾರ ಜಗಳ ಕಡಿಮೆ ಇದ್ದದ್ದಕ್ಕೆ ಇದೇ ಕಾರಣ ಅಂತ ನನ್ನ ಗುಮಾನಿ.

ಬರ್ಲಿನ್–ಪ್ರಾಗ್ ಟಿಕೆಟ್ ನನ್ನ ಜಂಬದ ವಿಷಯ. ರೈಲು ಒಂದೇ, ಬೋಗಿ ಒಂದೇ. ಜರ್ಮನ್ ರೈಲ್ವೆಯಲ್ಲಿ ಇಬ್ಬರಿಗೆ 75ರಷ್ಟು ತೋರಿಸುತ್ತಿತ್ತು. ಚೆಕ್ ರೈಲ್ವೆಯಲ್ಲಿ 45ಕ್ಕೆ ಸಿಕ್ಕಿತು. ಗಡಿ ದಾಟುವ ರೈಲಾದರೆ ಎರಡೂ ದೇಶದ ಬೆಲೆ ನೋಡಿ. ಡ್ರೆಸ್ಡೆನ್ ಆದ ಮೇಲೆ ಎಲ್ಬೆ ನದಿ ಎಡಗಡೆ ಬರುತ್ತದೆ, ಅದಕ್ಕೇ ಎಡಗಡೆಯ ಸೀಟನ್ನೇ ಕಾದಿರಿಸಿದ್ದೆ. ನದಿಯಾಚೆ ಬಾಸ್ಟೈ ಬಂಡೆಗಳು ಎದ್ದು ನಿಂತಿರುತ್ತವೆ. ನಾವು ಊಟದ ಬೋಗಿಗೆ ಹೋಗಿ ಕೂತೆವು. ಚೆಕ್ ರೈಲಿನ ಅಡುಗೆಮನೆಯಲ್ಲಿ ನಿಜವಾಗಿ ಒಲೆ ಹಚ್ಚುತ್ತಾರೆ. ನನಗೆ ಕರಿದ ಚೀಸ್, ಅವರಿಗೆ ನಲ್ಲಿಯಿಂದ ಹಿಡಿದ ಬಿಯರ್. "ಪ್ಯಾರಿಸ್ ಬೇಡ ಬಿಡು" ಅಂತ ಅವರ ಬಾಯಲ್ಲಿ ಬಂದದ್ದು ಅಲ್ಲೇ.

ಪ್ರಾಗ್‌ನಿಂದ ವಿಯೆನ್ನಾ ನಾಲ್ಕು ಗಂಟೆ, ಇಬ್ಬರಿಗೆ 40. ಪ್ರಾಗ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಕೊನೇ ಗಳಿಗೆಯಲ್ಲಿ ಬೋರ್ಡಿಗೆ ಬರುತ್ತದೆ, ಆಗ ಎಲ್ಲರೂ ಒಟ್ಟಿಗೆ ಓಡುತ್ತಾರೆ. ವಿಯೆನ್ನಾದಲ್ಲಿ ಸರ್ಕಾರಿ ಒಪೆರಾಗೆ ನಿಂತು ನೋಡುವ ಟಿಕೆಟ್ ತೆಗೆದೆವು. ಅಲ್ಲಿ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೋದರೆ ಆ ಜಾಗ ನಿಮ್ಮದೇ, ಯಾರೂ ಮುಟ್ಟುವುದಿಲ್ಲ. ಮಧ್ಯಂತರದವರೆಗೆ ಕಾಲು ತಡೆಯಿತು. ಸ್ಕಾರ್ಫ್ ಬಿಚ್ಚಿಕೊಂಡು ಬಂದುಬಿಟ್ಟೆವು.

ವಿಯೆನ್ನಾ–ವೆನಿಸ್‌ಗೆ ರಾತ್ರಿ ರೈಲು ಹಿಡಿ, ಒಂದು ಹೋಟೆಲ್ ಖರ್ಚು ಉಳಿಯುತ್ತೆ ಅಂತ ಎಲ್ಲರ ಉಪದೇಶ. ಹಿಂದಿನ ಸಲ ಆರು ಜನರ ಬೋಗಿಕೋಣೆಯಲ್ಲಿ ಮಲಗಿ ನೋಡಿದ್ದೇನೆ. ಮಲಗಿದ್ದು ನಾಲ್ವರು, ನಾವಿಬ್ಬರು ಅವರ ಗೊರಕೆ ಕೇಳಿದೆವು. ಇಬ್ಬರಿಗೇ ಪ್ರತ್ಯೇಕ ಕೋಣೆ ಅಂದರೆ 200 ದಾಟುತ್ತಿತ್ತು. ಹಗಲಿನ ರೈಲು ಇಬ್ಬರಿಗೆ 75. ಏಳೂವರೆ ಗಂಟೆ ಕೂರಬೇಕಿತ್ತು, ನಿಜ. ಆದರೆ ದಾರಿಯಲ್ಲಿ ಸೆಮ್ಮರಿಂಗ್ ಘಟ್ಟ ಇದೆಯಲ್ಲ. 1854ರಲ್ಲಿ ಹಾಕಿದ ಹಳಿ, 41 ಕಿಲೋಮೀಟರ್, ಕಲ್ಲಿನ ಕಮಾನು ಸೇತುವೆಗಳೇ 16. ತಿರುವಿನಲ್ಲಿ ನಮ್ಮದೇ ರೈಲಿನ ಮೂತಿ ಕಿಟಕಿಯಲ್ಲಿ ಕಾಣುತ್ತದೆ. ಈ ಟಿಕೆಟನ್ನು ವಾರದ ಯಾವ ದಿನಕ್ಕೆ ಹುಡುಕಿದೆ, ವಿಯೆನ್ನಾದ ಯಾವ ಬೀದಿಯಲ್ಲಿ 95 ಯೂರೋಗೆ ಒಳ್ಳೇ ರೂಮು ಸಿಕ್ಕಿತು, ಇವೆರಡನ್ನು ಮಾತ್ರ ಕೇಳಬೇಡಿ. ಮುಂದಿನ ಸಲ ನನಗೇ ಬೇಕು.

ವೆನಿಸ್‌ನಲ್ಲಿ ಹಿಂದಿನ ಸಲ ಅಗ್ಗ ಅಂತ ದ್ವೀಪದ ಹೊರಗಿನ ಮೆಸ್ತ್ರೆಯಲ್ಲಿ ಉಳಿದು, ಪ್ರವಾಸಿಗರೆಲ್ಲ ಹೊರಟ ಮೇಲಿನ ವೆನಿಸನ್ನೇ ಕಳೆದುಕೊಂಡಿದ್ದೆವು. ಈ ಸಲ ದ್ವೀಪದ ಒಳಗೇ, ಒಂದೇ ರಾತ್ರಿ, 210 ಯೂರೋ. ಇಡೀ ಪ್ರವಾಸದ ದುಬಾರಿ ರೂಮು ಅದೇ. ಮೆಸ್ತ್ರೆ ದಾಟಿದ ಮೇಲೆ ರೈಲು ನೀರಿನ ಮೇಲಿನ ಸೇತುವೆಗೆ ಬರುತ್ತದೆ, ಎರಡೂ ಕಡೆ ಬರೀ ನೀರು. ಸಾಂತಾ ಲೂಚಿಯಾ ನಿಲ್ದಾಣದ ಮೆಟ್ಟಿಲಿಗೆ ಬಂದರೆ ಎದುರಿಗೆ ಕಾಲುವೆ, ಆಚೆ ಹಸಿರು ಗುಮ್ಮಟ. ದೋಣಿ ಬಸ್ಸಿಗೆ ತಲೆಗೆ 9.50 ಅಂತ ನಡೆದೇ ಹೊರಟೆವು. ಏಳು ಸೇತುವೆ, ಎಲ್ಲಕ್ಕೂ ಮೆಟ್ಟಿಲು. ಕೈಚೀಲದಷ್ಟು ಪೆಟ್ಟಿಗೆ ತಲೆಗೊಂದೇ ಅಂತ ಹಟ ಹಿಡಿದಿದ್ದಕ್ಕೆ ನಮ್ಮವರು ಅವತ್ತು ಮೊದಲ ಸಲ ಥ್ಯಾಂಕ್ಸ್ ಅಂದರು.

ರೋಮ್‌ಗೆ ನಾಲ್ಕು ಗಂಟೆ, ಇಬ್ಬರಿಗೆ 75. ಇಟಲಿಯಲ್ಲಿ ವೇಗದ ರೈಲಿಗೆ ಟ್ರೆನಿಟಾಲಿಯಾ, ಇಟಾಲೊ ಅಂತ ಇಬ್ಬರು ಪೈಪೋಟಿಗೆ ಇರುವುದರಿಂದ ಎರಡನ್ನೂ ನೋಡಿ. ಒಟ್ಟು ರೈಲು ಖರ್ಚು 325, ಸೀಟು ಕಾದಿರಿಸಿದ್ದಕ್ಕೆ ಇನ್ನೊಂದು 25, ವಾಪಸ್ ಬಂದ 22 ಕಳೆಯಿರಿ. ಹಿಂದಿನ ಸಲ ಪಾಸು, ಸೀಟು, ಆ ಪ್ಯಾರಿಸ್ ಟಿಕೆಟ್ ಎಲ್ಲ ಸೇರಿ ಸಾವಿರ ದಾಟಿತ್ತು. ಉಳಿದದ್ದೆಲ್ಲ ಹೋಟೆಲ್‌ಗೆ ಹೋಯಿತು ಅನ್ನೋದೂ ನಿಜ, 14 ರಾತ್ರಿಗೆ 1,800ರ ಹತ್ತಿರ.

ಕೊನೇ ದಿನ ರೋಮ್‌ನ ಮುಖ್ಯ ನಿಲ್ದಾಣ ಟೆರ್ಮಿನಿಯಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಲಿಯೊನಾರ್ಡೊ ಎಕ್ಸ್‌ಪ್ರೆಸ್ ತಲೆಗೆ 14. ನಮ್ಮ ರೂಮು ತ್ರಾಸ್ತೆವೆರೆ ನಿಲ್ದಾಣದ ಹತ್ತಿರವಿತ್ತು, ಅಲ್ಲಿಂದ ಲೋಕಲ್ ರೈಲಿಗೆ 8. ಹನ್ನೆರಡು ಯೂರೋ ಉಳಿಸಿದೆ ನೋಡಿ ಅಂದೆ. ನಮ್ಮವರು ವಿಮಾನ ನಿಲ್ದಾಣದಲ್ಲಿ ಎರಡು ಕಾಫಿ, ಒಂದು ಪಾನಿನಿ ತಂದು ಅದನ್ನು ಅಲ್ಲೇ ಮುಗಿಸಿದರು.